ಮುಯ್ಯಿಗೆ ಹೋದ ಹುಡುಗಿಯರು

ಕೊಪ್ಪದ ಗುಡ್ಡದ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಶುರುವಾದದ್ದು ಯಾರೋ ಆಸೆಪಟ್ಟದ್ದರಿಂದಲ್ಲ. ಕಾಲೇಜಿನವರು ಕೇಳಿದ್ದು ಎರಡು ವಾಲಿಬಾಲ್ ಕಂಬ. ಬಂದದ್ದು ಎರಡು ಬ್ಯಾಸ್ಕೆಟ್‌ಬಾಲ್ ಕಂಬ, ಹಲಗೆ, ರಿಂಗು ಸಮೇತ. ವಾಪಸ್ ಕಳಿಸಬೇಕೆಂದರೆ ಏಳು ಕಡೆ ಸಹಿ ಹಾಕಿಸಬೇಕಿತ್ತು. ದೈಹಿಕ ಶಿಕ್ಷಣದ ಗೋದಾವರಿ ಮೇಡಂ ಯೋಚಿಸಿ ನೋಡಿದರು. ಏಳು ಸಹಿಗಿಂತ ಒಂದು ಹೊಸ ಆಟ ಕಲಿಯುವುದೇ ಸುಲಭ ಅನ್ನಿಸಿತು.

ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಎತ್ತರ ನಾಲ್ಕಡಿ ಹತ್ತಿಂಚು. ಓದುವ ಕಾಲದಲ್ಲಿ ಖೋ ಖೋ ಆಡಿದವರು, ಅದರಲ್ಲಿ ಎತ್ತರವನ್ನು ಯಾರೂ ಕೇಳುವುದಿಲ್ಲ. ಹೊಸ ಆಟವನ್ನು ಅವರು ಲೈಬ್ರರಿಯಲ್ಲಿದ್ದ ನಿಯಮಗಳ ಪುಸ್ತಕ ನೋಡಿ ಕಲಿತರು. ಆ ಪುಸ್ತಕದ ಹನ್ನೊಂದರಿಂದ ಹದಿನಾಲ್ಕನೆಯ ಪುಟದವರೆಗೆ ಗೆದ್ದಲು ತಿಂದಿತ್ತು. ಆ ಪುಟಗಳಲ್ಲಿ ಏನು ಬರೆದಿತ್ತೋ, ಅದು ಕೊಪ್ಪದ ಆಟದಲ್ಲಿ ಇವತ್ತಿಗೂ ಇಲ್ಲ.

ಅಂಕಣ ಇದ್ದದ್ದು ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ. ಎರಡು ಕಡೆ ಕಡಿದ ಗುಡ್ಡದ ಧರೆ, ಒಂದು ಕಡೆ ಗೋಡೆ, ನಾಲ್ಕನೆಯ ಕಡೆ ಏನೂ ಇಲ್ಲ, ಆಕಾಶ ಮಾತ್ರ. ಆ ಕಡೆಯ ಗೆರೆ ದಾಟಿದ ಚೆಂಡು ಎಪ್ಪತ್ತೆರಡು ಮೆಟ್ಟಿಲು ಉರುಳಿಕೊಂಡು ರಸ್ತೆ ಸೇರುತ್ತಿತ್ತು. ಒಮ್ಮೆ ನಿಂತಿದ್ದ ಜಯಪುರದ ಬಸ್ಸಿನ ಹಿಂಬಾಗಿಲಿನಿಂದ ಒಳಗೆ ಹೋಗಿ, ಬಸ್ಸು ಹೊರಟು, ಮರುದಿನ ಅದೇ ಹೊತ್ತಿಗೆ ಕಂಡಕ್ಟರ್ ಅದನ್ನು ತಂದು ಇಳಿಸಿ ಹೋಗಿದ್ದ. ಅವತ್ತಿನಿಂದ ಮೇಡಂ ಒಂದು ನಿಯಮ ಮಾಡಿದರು. ಚೆಂಡು ಹೊರಗೆ ಕಳಿಸಿದವರೇ ಕೆಳಗಿಳಿದು ತರಬೇಕು. ಎಪ್ಪತ್ತೆರಡು ಇಳಿದು ಎಪ್ಪತ್ತೆರಡು ಹತ್ತಿದ ಮೇಲೆ ಯಾರಿಗೂ ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ.

ಇನ್ನೊಂದು ತೊಡಕಿತ್ತು. ಅಂಕಣದ ಪಕ್ಕದ ಗೋಡೆಯೇ ಲೈಬ್ರರಿಯ ಗೋಡೆ. ಲೈಬ್ರರಿಯ ಸರೋಜ ಅವರು ಸೀಟಿಯ ಸದ್ದು ಸಹಿಸುತ್ತಿರಲಿಲ್ಲ. ಹೀಗಾಗಿ ಮೇಡಂ ಸೀಟಿ ಬಿಟ್ಟು ಕೈಯಲ್ಲಿ ಸದಾ ಇರುತ್ತಿದ್ದ ಕಪ್ಪು ಕೊಡೆಯನ್ನೇ ಮಾತಾಡಿಸಿದರು. ಕೊಡೆ ಬಿಡಿಸಿದರೆ ಐದೂ ಜನ ಎದುರಾಳಿಗಳ ಮೈಮೇಲೆ ನುಗ್ಗಬೇಕು. ಮಡಿಸಿದರೆ ಓಡಿ ಬಂದು ತಮ್ಮ ರಿಂಗಿನ ಕೆಳಗೆ ನಿಲ್ಲಬೇಕು. ಈ ಎರಡೇ ಪಾಠ. ಉಳಿದದ್ದನ್ನು ಹುಡುಗಿಯರು ತಾವೇ ಕಂಡುಕೊಂಡರು.

ಹುಡುಗಿಯರು ಐದು ಜನ. ಎಲ್ಲರೂ ಒಂದೇ ವರ್ಷ ಸೇರಿದವರು. ನಾಯಕಿ ಶೆಟ್ಟಿಕೊಪ್ಪದ ಜ್ಯೋತ್ಸ್ನಾ, ಐವರಲ್ಲಿ ಎಲ್ಲರಿಗಿಂತ ಕುಳ್ಳಿ. ಹರಿಹರಪುರದಿಂದ ಬರುತ್ತಿದ್ದ ಸಂಪದಾಗೆ ಮಾತು ಕಡಿಮೆ, ಗುರಿ ಜಾಸ್ತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕಿನ ಕಾಲೇಜುಗಳಿಗೆಂದು ವರ್ಷಕ್ಕೊಂದು ಸಲ ಕರಿಯಣ್ಣ ಸ್ಮಾರಕ ಕಪ್ ನಡೆಯುತ್ತಿತ್ತು. ಮೊದಲ ವರ್ಷ ಇವರು ನಲವತ್ತಾರು-ಮೂರರಿಂದ ಸೋತರು. ಆ ಮೂರರಲ್ಲಿ ಎರಡು ಎದುರಾಳಿಗಳೇ ಗಡಿಬಿಡಿಯಲ್ಲಿ ತಮ್ಮ ರಿಂಗಿಗೆ ಹಾಕಿಕೊಂಡದ್ದು. ಎರಡನೆಯ ವರ್ಷ ಸೆಮಿಫೈನಲ್‌ನಲ್ಲಿ ಎರಡೇ ಅಂಕದಿಂದ ಸೋತರು. ಮೂರನೆಯ ವರ್ಷಕ್ಕೆಂದು ಮೇಡಂ ಜಯಪುರದ ಟೈಲರ್ ಹತ್ತಿರ ಐದು ನೀಲಿ ಜೆರ್ಸಿ ಹೊಲಿಸಿದರು. ಟೈಲರ್‌ಗೆ ಜೇಬಿಲ್ಲದ ಅಂಗಿ ಹೊಲಿಯಲು ಮನಸ್ಸು ಬರಲಿಲ್ಲ, ಐದಕ್ಕೂ ಎದೆಯ ಎಡಕ್ಕೆ ಒಂದೊಂದು ಜೇಬಿಟ್ಟಿದ್ದ. ಇರಲಿ ಬಿಡಿ ಎಂದರು ಮೇಡಂ. ಆ ಜೆರ್ಸಿ ತೊಟ್ಟು ತಮ್ಮ ಐವರು ಒಂದು ಫೈನಲ್ ಆಡಬೇಕು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಅವರು ಕಾಲೇಜಿನಿಂದ ಬೇರೇನನ್ನೂ ಬಯಸಿದವರಲ್ಲ. ಇದೇ ವರ್ಷ ಆಗಬೇಕು, ಮುಂದಿನ ವರ್ಷ ಹುಡುಗಿಯರು ಇರುವುದಿಲ್ಲ.

ಪ್ರಿನ್ಸಿಪಾಲ್ ರಘುಪತಿಯವರಿಗೂ ಕಪ್ ಬೇಕಿತ್ತು. ಆದರೆ ಅವರಿಗೆ ಹುಡುಗಿಯರ ಎತ್ತರದ ಬಗ್ಗೆ ಅನುಮಾನ. ನರಸಿಂಹರಾಜಪುರದ, ಅಂದರೆ ಎನ್.ಆರ್. ಪುರದ, ಕಾಲೇಜಿನ ಪ್ರಿನ್ಸಿಪಾಲ್ ಸುಬ್ಬರಾಯರು ಅವರ ಷಡ್ಡಕ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರಿಗೂ ಗದ್ದೆ ತೋಟ ಇತ್ತು, ಎರಡೂ ಮನೆಗಳ ನಡುವೆ ಮುಯ್ಯಾಳಿನ ರೂಢಿಯಿತ್ತು. ಇವತ್ತು ನಿಮ್ಮವರು ನಮ್ಮ ಕೆಲಸಕ್ಕೆ ಬಂದರೆ, ನಾಳೆ ಅಷ್ಟೇ ಜನ ನಮ್ಮವರು ನಿಮ್ಮ ಕೆಲಸಕ್ಕೆ. ಸುಬ್ಬರಾಯರು ಆ ವರ್ಷ ಮೈಸೂರು, ಮಂಗಳೂರು ಕಡೆಯಿಂದ ಐದು ಜನ ಉದ್ದುದ್ದ ಹುಡುಗಿಯರನ್ನು ಒಂದು ಸೀಸನ್ನಿಗೆಂದು ತಮ್ಮ ಕಾಲೇಜಿಗೆ ಸೇರಿಸಿಕೊಂಡಿದ್ದರು. ಅವರಲ್ಲಿ ಇಬ್ಬರನ್ನು ಮೊದಲ ಸುತ್ತಿಗೆ ಮುಯ್ಯಿಗೆ ಕಳಿಸಿಕೊಡಿ ಎಂದು ರಘುಪತಿಯವರು ಫೋನ್ ಮಾಡಿದರು. ಅತ್ತಲಿಂದ ಸುಬ್ಬರಾಯರು, ಅದಕ್ಕೆಂತ ಭಾವ, ಕಳಿಸೋಣ, ಅಂದರು. ಆಟದ ದಿನ ಯಾವ ಕಾಲೇಜಿನ ಹಾಜರಿಯಲ್ಲಿ ಹೆಸರಿದೆಯೋ ಆ ಕಾಲೇಜಿಗೆ ಆಡಬಹುದು ಎಂದು ಮಾತ್ರ ಕಪ್ಪಿನ ನಿಯಮ ಹೇಳುತ್ತಿತ್ತು. ಒಂದು ಟಿ.ಸಿ. ಬರೆದರೆ ಮುಗಿಯಿತು.

ಉದ್ದದ ಹುಡುಗಿಯರಿಬ್ಬರು ಬಂದರು. ಬಾಗಿಲು ದಾಟುವಾಗ ತಲೆ ಬಗ್ಗಿಸುವುದು ಅವರಿಗೆ ಅಭ್ಯಾಸವಾಗಿತ್ತು, ತಲೆ ತಾಗದ ಬಾಗಿಲಲ್ಲೂ ಬಗ್ಗಿಸುತ್ತಿದ್ದರು. ಅಂಕಣದಲ್ಲಿ ಕೊಡೆ ಬಿಡಿಸಿದಾಗ ಆಕಾಶ ನೋಡಿದರು. ಮೊದಲ ಸುತ್ತಿನಲ್ಲಿ ಕೈ ಎತ್ತಿ ನಿಂತು ಗೆಲ್ಲಿಸಿಕೊಟ್ಟರು. ಜ್ಯೋತ್ಸ್ನಾ ಬೆಂಚಿನಲ್ಲಿ ಕೂತು, ನೀಲಿ ಜೆರ್ಸಿಯ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ತಿಂದಳು.

ಮರುವಾರ ಮುಯ್ಯಿ ತೀರಿಸುವ ಸರದಿ. ಸುಬ್ಬರಾಯರ ತಂಡಕ್ಕೆ ಇಬ್ಬರು ಬೇಕು. ರಘುಪತಿಯವರು ಜ್ಯೋತ್ಸ್ನಾ, ಸಂಪದಾ ಇಬ್ಬರ ಹೆಸರು ಹೇಳಿದರು. ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕಾಲೇಜಿನಲ್ಲಿ ಬೇರೆ ಹುಡುಗಿಯರೂ ಇದ್ದಾರಲ್ಲ, ಅವರನ್ನು ಕಳಿಸಬಹುದಲ್ಲ ಎಂದು ಕೇಳಿದರು. ರಘುಪತಿಯವರಿಗೆ ನಿಜವಾಗಿಯೇ ಬೇಸರವಾಯಿತು. ಮುಯ್ಯಿಗೆ ಕೈಲಾಗದವರನ್ನು ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು? ಅವರ ಅಪ್ಪನ ಕಾಲದಿಂದಲೂ ಮುಯ್ಯಿಗೆ ಹೋಗುವುದು ಮನೆಯ ಒಳ್ಳೆಯ ಆಳೇ.

"ನಾಟಿ ನಿಮ್ಮದೇ ಮೇಡಂ, ಇಲ್ಲ ಅಂದವರು ಯಾರು?" ಎಂದರು ಅವರು. "ಕೊಯ್ಲಿಗೆ ಹೊರಗಿನವರು ನಾಲ್ಕು ಜನ ಬಂದ್ರೆ ಎಂತ ತಪ್ಪು?"

"ಕೊಯ್ದದ್ದು ಅವರ ಕಣಕ್ಕೆ ಹೋಗ್ತಾ ಇದೆ ಸರ್," ಎಂದರು ಗೋದಾವರಿ.

ರಘುಪತಿಯವರು ಇದಕ್ಕೆ ನಕ್ಕು ಚಹಾ ತರಿಸಿದರು. ಚಹಾ ಬಂದ ಮೇಲೆ ಮಾತು ಮುಂದುವರಿಸುವುದು ಆ ಕಾಲೇಜಿನಲ್ಲಿ ರೂಢಿಯಿಲ್ಲ.

ಟಿ.ಸಿ. ಬರೆಯುವ ಗುಮಾಸ್ತ ಸೋಮನಾಥ್. 'ಕಾಲೇಜು ಬಿಡಲು ಕಾರಣ' ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ಅವರು ಅರ್ಧ ದಿನ ಯೋಚಿಸಿ, ಕೊನೆಗೆ 'ಮುಯ್ಯಿ' ಎಂದು ಬರೆದು ಮೊಹರು ಒತ್ತಿದರು. ಒಂದು ಟಿ.ಸಿ.ಗೆ ಮೂರು ಪ್ರತಿ. ಇಬ್ಬರು ಬಂದು, ಇಬ್ಬರು ಹೋಗಿ, ಅವರು ವಾಪಸ್, ಇವರು ವಾಪಸ್ ಎಂದು ಲೆಕ್ಕ ಹಾಕಿದಾಗಲೇ ಅವರ ಬೆರಳು ನೋಯತೊಡಗಿತು. ಎಲ್ಲ ಮುಗಿದ ಮೇಲೆ ಒಟ್ಟಿಗೆ ವಾಪಸ್ ಕರೆಸಿಕೊಂಡರಾಯಿತು, ಅಲ್ಲಿಯವರೆಗೆ ಇದ್ದವರು ಇದ್ದಲ್ಲೇ ಇರಲಿ ಎಂದು ಅವರೇ ಸೂಚಿಸಿದರು. ಎರಡೂ ಕಡೆಯ ಪ್ರಿನ್ಸಿಪಾಲರಿಗೆ ಇದು ಬಹಳ ಒಪ್ಪಿಗೆಯಾಯಿತು. ವಿಶ್ವವಿದ್ಯಾಲಯಕ್ಕೆ ಹೋಗಬೇಕಾದ ಪ್ರತಿಯನ್ನು ಸೋಮನಾಥ್ ಬೀರುವಿನಲ್ಲೇ ಇಟ್ಟರು. ಹೇಗೂ ವಾಪಸ್ ಬರುವವರು, ಅಷ್ಟು ದೂರದವರಿಗೆ ಸುಮ್ಮನೆ ಯಾಕೆ ತೊಂದರೆ.

ಹೊರಡುವ ದಿನ ಜ್ಯೋತ್ಸ್ನಾ ಜೆರ್ಸಿ ಮಡಿಸಿ ತಂದು ಮೇಡಂ ಮೇಜಿನ ಮೇಲಿಟ್ಟಳು. ನೀವೇ ಇಟ್ಕೊಂಡಿರಿ ಮೇಡಂ, ನಾನು ಬರ್ತೀನಲ್ಲ, ಅಂದಳು. ಮನೆಯಲ್ಲಿ ಏನೆಂದರು ಎಂದು ಮೇಡಂ ಕೇಳಿದರು. ಅವಳ ಅಮ್ಮ ವೆಂಕಮ್ಮನಿಗೆ ಬಹಳ ಖುಷಿಯಾಗಿತ್ತಂತೆ. ಶೆಟ್ಟಿಕೊಪ್ಪಕ್ಕೆ ಎನ್.ಆರ್. ಪುರವೇ ಹತ್ತಿರ, ಒಂದು ಬಸ್ಸು ಉಳಿಯಿತು, ಇದನ್ನು ಮೂರು ವರ್ಷದ ಹಿಂದೆಯೇ ಮಾಡಬಾರದಿತ್ತಾ ಎಂದು ಕೇಳಿದ್ದರಂತೆ.

ಸೆಮಿಫೈನಲ್ ಹೊತ್ತಿಗೆ ಕೊಪ್ಪಕ್ಕೆ ಇಬ್ಬರ ಎತ್ತರ ಸಾಲದೆಂದು ಉಳಿದ ಮೂವರು ಉದ್ದದ ಹುಡುಗಿಯರೂ ಬಂದರು. ಮುಯ್ಯಿಗೆ ಮುಯ್ಯಿ ಎಂದು ಮೇಡಂ ಅವರ ಉಳಿದ ಮೂವರೂ ಎನ್.ಆರ್. ಪುರಕ್ಕೆ ಹೋದರು. ಎರಡೂ ತಂಡಗಳು ಗೆದ್ದವು. ಅದರ ಮಾರನೆಯ ದಿನ ಕಪ್ಪಿನವರು ಫೈನಲ್ಲಿಗೆ ಹೆಸರಿನ ಪಟ್ಟಿ ಮುಚ್ಚಿದರು. ಇನ್ನು ಯಾರೂ ಎಲ್ಲಿಗೂ ಹೋಗುವಂತಿಲ್ಲ.

ಆಮೇಲೆ ಎಲ್ಲರೂ ಪಟ್ಟಿ ನೋಡಿದರು. ಕೊಪ್ಪದ ತಂಡದಲ್ಲಿ ಕೊಪ್ಪದವರು ಯಾರೂ ಇರಲಿಲ್ಲ. ಐದೂ ಜನ ಎನ್.ಆರ್. ಪುರದ ತಂಡದಲ್ಲಿದ್ದರು. ರಘುಪತಿಯವರು ಷಡ್ಡಕನಿಗೆ ಫೋನ್ ಮಾಡಿದರು. ಇಬ್ಬರೂ ಬೆರಳು ಮಡಿಸಿ ಲೆಕ್ಕ ಹಾಕಿದರು. ಐದು ಹೋಗಿದೆ, ಐದು ಬಂದಿದೆ. ಯಾರೂ ಯಾರಿಗೂ ಋಣಿಯಲ್ಲ. ಇಬ್ಬರಿಗೂ ಮನಸ್ಸು ಹಗುರವಾಯಿತು.

ಫೈನಲ್ ನಡೆದದ್ದು ಶೃಂಗೇರಿಯಲ್ಲಿ, ದೀಪಾವಳಿಗೆ ಹತ್ತು ದಿನ ಮೊದಲು, ಒಂದು ಶನಿವಾರ ಬೆಳಿಗ್ಗೆ. ಅಲ್ಲಿನ ಅಂಕಣ ಸಪಾಟು. ಚೆಂಡು ಹೊರಗೆ ಹೋದರೆ ಎರಡು ಮಾರು ಉರುಳಿ ನಿಲ್ಲುತ್ತಿತ್ತು. ಗೋದಾವರಿ ಕೊಪ್ಪದ ಬೆಂಚಿನಲ್ಲಿ ಕೂತರು. ಅವರ ಪಕ್ಕ ಐದು ಉದ್ದದ ಹುಡುಗಿಯರು. ಅವರ ಹೆಸರುಗಳನ್ನು ಮೇಡಂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು, ಯಾವ ಹೆಸರು ಯಾರದ್ದು ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ನೀಲಿ ಜೆರ್ಸಿ ಅವರಿಗೆ ಹೊಕ್ಕುಳ ಮುಚ್ಚದಿದ್ದರಿಂದ ಪ್ರಿನ್ಸಿಪಾಲರು ಹಳದಿ ಬಣ್ಣದ್ದು ಹೊಸದಾಗಿ ತರಿಸಿದ್ದರು. ಎದುರು ಬೆಂಚಿನಲ್ಲಿ ಎನ್.ಆರ್. ಪುರದ ತರಬೇತುದಾರ ರಾಜೇಶ. ಅವನ ಪಕ್ಕ ಮರೂನ್ ಅಂಗಿಯಲ್ಲಿ ಜ್ಯೋತ್ಸ್ನಾ, ಸಂಪದಾ, ಇನ್ನೂ ಮೂವರು. ಐವರೂ ಅವನ ಕಡೆ ಬೆನ್ನು ಹಾಕಿ ಕೂತಿದ್ದರು. ಅವರ ಕಣ್ಣು ಅಂಕಣ ದಾಟಿ ಮೇಡಂ ಕೈಯಲ್ಲಿದ್ದ ಕೊಡೆಯ ಮೇಲಿತ್ತು.

ಮೇಡಂಗೆ ಅದು ಗೊತ್ತಾಯಿತು. ಅವರು ಸಂಬಳ ತಿನ್ನುವುದು ಕೊಪ್ಪದ ಕಾಲೇಜಿನದ್ದು. ಕೊಡೆಯನ್ನು ಮಡಿಸಿ, ಗುಂಡಿ ಹಾಕಿ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ಆಟ ಶುರುವಾಯಿತು. ಕೊಡೆ ಮಡಿಸಿಯೇ ಇತ್ತು. ಹಾಗಾಗಿ ಮರೂನ್ ಹುಡುಗಿಯರು ಓಡಿ ಬಂದು ತಮ್ಮ ರಿಂಗಿನ ಕೆಳಗೆ ನಿಂತರು, ನಿಂತೇ ಇದ್ದರು. ರಾಜೇಶ ಗಂಟಲು ಹರಿಯುವಂತೆ ಕೂಗಿದ. ಅವರು ವಿನಯದಿಂದ ಅವನ ಕಡೆ ನೋಡಿ, ಮತ್ತೆ ಕೊಡೆಯ ಕಡೆ ನೋಡಿ, ನಿಂತಲ್ಲೇ ನಿಂತರು. ಉದ್ದದವರು ದೂರದಿಂದ, ಅವರ ತಲೆಯ ಮೇಲಿನಿಂದ ಚೆಂಡು ಹಾಕುತ್ತ ಹೋದರು. ಅರ್ಧ ಆಟ ಮುಗಿದಾಗ ಕೊಪ್ಪ ಇಪ್ಪತ್ತನಾಲ್ಕು, ಎನ್.ಆರ್. ಪುರ ಹತ್ತು, ಅದೂ ಸಂಪದಾ ದೂರದಿಂದ ಎಸೆದದ್ದು. ರಘುಪತಿಯವರು ಬಂದು ಮೇಡಂ ಕೈ ಕುಲುಕಿದರು. ಮೇಡಂ ನೀರು ಕುಡಿದರು.

ಮತ್ತೆ ಆಟ ಶುರುವಾದಾಗ ಸಣ್ಣಗೆ ಹನಿ ಬಿತ್ತು. ಸುತ್ತ ಕೂತಿದ್ದ ಮುನ್ನೂರು ಜನ ಒಟ್ಟಿಗೆ ಕೊಡೆ ಬಿಡಿಸಿದರು. ಮರೂನ್ ಹುಡುಗಿಯರು ಒಬ್ಬರೂ ಅಲುಗಲಿಲ್ಲ. ಅವರು ಕಾಯುತ್ತಿದ್ದದ್ದು ಬೇರೆ ಕೊಡೆಗೆ. ಮೇಡಂ ನೆನೆಯುತ್ತ ಕೂತರು. ಕನ್ನಡಕದ ಮೇಲಿನಿಂದ ನೀರು ಇಳಿಯಿತು. ರಘುಪತಿಯವರಿಗೆ ಇದು ನೋಡಲಾಗಲಿಲ್ಲ. ಊರಿಡೀ ನೋಡುತ್ತಿರುವಾಗ ತಮ್ಮ ಕಾಲೇಜಿನ ಹೆಣ್ಣುಮಗಳು ಕೊಡೆ ಇಟ್ಟುಕೊಂಡೂ ನೆನೆಯುವುದೆಂದರೆ?

"ಮಾರಾಯ್ತಿ, ಕೊಡೆ ಬಿಡಿಸಿ," ಎಂದರು. "ಜ್ವರ ಬಂದ್ರೆ ಯಾರು ನೋಡ್ಬೇಕು?"

"ಬಿಡಿಸ್ಲಾ ಸರ್?"

"ಬಿಡಿಸಿ ಅಂತ ನಾನೇ ಹೇಳ್ತಿದ್ದೀನಲ್ಲ."

ಮೇಡಂ ಬಿಡಿಸಿದರು.

ಐದೂ ಹುಡುಗಿಯರು ಜೇನು ಎದ್ದ ಹಾಗೆ ಎದ್ದರು. ಒಬ್ಬೊಬ್ಬ ಉದ್ದದವಳ ಕಂಕುಳ ಕೆಳಗೆ ಒಬ್ಬೊಬ್ಬಳು. ಚೆಂಡು ಎಲ್ಲಿ ಹೋದರೂ ಅಲ್ಲಿ ಎರಡು ಕೈ ಇತ್ತು. ನಾಲ್ಕು ನಿಮಿಷದಲ್ಲಿ ಅಂತರ ಹದಿನಾಲ್ಕರಿಂದ ಆರಕ್ಕೆ ಇಳಿಯಿತು. ರಘುಪತಿಯವರು ಅಂಕಣ ನೋಡಿದರು, ಕೊಡೆ ನೋಡಿದರು, ಮತ್ತೆ ಅಂಕಣ ನೋಡಿದರು. ಇಲ್ಲಿ ಕೊಡಿ ಎಂದು ಕೊಡೆ ಕಿತ್ತುಕೊಂಡು ಮಡಿಸಿದರು. ಹುಡುಗಿಯರು ಓಡಿ ಹಿಂದೆ ಹೋದರು. ಪ್ರಿನ್ಸಿಪಾಲರು ಸಮಾಧಾನದ ಉಸಿರು ಬಿಟ್ಟರು. ಆದರೆ ಆ ಕೊಡೆಯ ಸ್ಪ್ರಿಂಗು ಹಾಳಾಗಿ ಎರಡು ವರ್ಷವಾಗಿತ್ತು, ಅದನ್ನು ಮಡಿಸುವ ವಿದ್ಯೆ ಮೇಡಂ ಒಬ್ಬರಿಗೇ ಗೊತ್ತು. ಪ್ರಿನ್ಸಿಪಾಲರ ಕೈಯಲ್ಲಿ ಅದು ಫಟ್ಟನೆ ಬಿಚ್ಚಿಕೊಂಡಿತು. ಹುಡುಗಿಯರು ನುಗ್ಗಿದರು. ರಘುಪತಿಯವರು ಮಡಿಸಿದರು, ಹುಡುಗಿಯರು ಹಿಂದೆ ಹೋದರು. ಬಿಚ್ಚಿಕೊಂಡಿತು, ನುಗ್ಗಿದರು. ಉದ್ದದ ಹುಡುಗಿಯರು ಅನೇಕ ಊರು, ಅನೇಕ ಕಾಲೇಜು ನೋಡಿದವರು. ಇಂಥ ತಂತ್ರ ಎಲ್ಲೂ ನೋಡಿರಲಿಲ್ಲ. ಅವರಿಗೆ ಏದುಸಿರು ಬಂತು. ಆಟ ಮುಗಿಯಲು ಒಂದು ನಿಮಿಷ ಇದ್ದಾಗ ಕೊಪ್ಪ ಮೂವತ್ಮೂರು, ಎನ್.ಆರ್. ಪುರ ಮೂವತ್ತೆರಡು. ರಘುಪತಿಯವರು ಸೋತು, ಬಿಚ್ಚಿದ ಕೊಡೆಯನ್ನು ಹಾಗೆಯೇ ಮೇಡಂ ಕೈಗೆ ಕೊಟ್ಟು, ನೀವೇ ಎಂತಾದ್ರೂ ಮಾಡಿ ಎಂದು ಕುಸಿದು ಕೂತರು.

ಮೇಡಂ ಟೈಮ್ ಔಟ್ ಕೇಳಿದರು. ಉದ್ದದ ಐವರು ಬಂದು ಅವರ ಸುತ್ತ ಬಗ್ಗಿ ನಿಂತರು. ಮಳೆ ಅವರ ಬೆನ್ನ ಮೇಲೆ ಬೀಳುತ್ತಿತ್ತು, ಒಳಗೆ ಮೇಡಂ ಮೇಲೆ ಹನಿ ಬೀಳುತ್ತಿರಲಿಲ್ಲ. ತಾವು ಕಲಿಸಿದ್ದನ್ನು ಅವರು ಮುಚ್ಚಿಡಲಿಲ್ಲ. ಕೊಡೆ ಬಿಡಿಸಿದರೆ ಅವರು ಮೈಮೇಲೆ ಬರುತ್ತಾರೆ, ಮಡಿಸಿದರೆ ಹಿಂದೆ ಹೋಗುತ್ತಾರೆ, ತಮಗೆ ಗೊತ್ತಿರುವುದು ಇಷ್ಟೇ ಎಂದು ಹೇಳಿದರು. ಆಮೇಲೆ ಕೊಡೆಯ ಕಡ್ಡಿಯನ್ನು ಒತ್ತಿ, ತಿರುಚಿ, ಮಡಿಸಿ, ಬೆಂಚಿನ ಕೆಳಗೆ ತಳ್ಳಿದರು. ಎರಡೂ ಕೈ ತೊಡೆಯ ಮೇಲಿಟ್ಟು ಕೂತರು.

ಜ್ಯೋತ್ಸ್ನಾ ಬೆಂಚಿನ ಕಡೆ ನೋಡಿದಳು. ಕೊಡೆ ಇರಲಿಲ್ಲ. ಬಿಚ್ಚಿದ್ದೂ ಅಲ್ಲ, ಮಡಿಸಿದ್ದೂ ಅಲ್ಲ. ಮೇಡಂ ಇದ್ದರು, ಖಾಲಿ ಕೈ ಇತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅವಳು ಸಂಪದಾಳ ಕಡೆ ನೋಡಿದಳು. ಸಂಪದಾ ತಲೆಯಾಡಿಸಿದಳು.

ಹನ್ನೊಂದು ಸೆಕೆಂಡು ಉಳಿದಿತ್ತು. ಸಂಪದಾ ಎಸೆದ ಚೆಂಡು ಒಬ್ಬ ಉದ್ದದವಳ ಬೆರಳಿಗೆ ತಾಗಿ, ರಿಂಗು ತಪ್ಪಿ, ಬದಿಯ ಗೆರೆಯ ಕಡೆ ಪುಟಿಯಿತು. ಹೊರಗೆ ಹೋಗುವ ಚೆಂಡು. ಉದ್ದದ ಐವರೂ ಕೈ ಇಳಿಸಿದರು. ಹೊರಗೆ ಹೋದ ಚೆಂಡಿಗೆ ಯಾರೂ ಓಡುವುದಿಲ್ಲ, ಯಾವ ಊರಲ್ಲೂ. ಆದರೆ ಜ್ಯೋತ್ಸ್ನಾಳ ಕಾಲಿಗೆ ಗೆರೆಯ ಆಚೆ ಸಪಾಟು ನೆಲ ಕಾಣಲಿಲ್ಲ. ಅಲ್ಲಿ ಎಪ್ಪತ್ತೆರಡು ಮೆಟ್ಟಿಲಿದ್ದವು, ಕೆಳಗೆ ಜಯಪುರದ ಬಸ್ಸು ಬಾಗಿಲು ತೆರೆದು ನಿಂತಿತ್ತು. ಅವಳು ಹಾರಿದಳು. ಗಾಳಿಯಲ್ಲಿದ್ದಂತೆಯೇ ಚೆಂಡನ್ನು ಹಿಂದಕ್ಕೆ ತಳ್ಳಿ, ತಾನು ಹೊರಗಿನ ಕೆಸರಿನಲ್ಲಿ ಬಿದ್ದಳು. ಸಂಪದಾ ನಿಂತಲ್ಲಿಂದಲೇ ಹಾಕಿದಳು. ಮೂವತ್ತನಾಲ್ಕು, ಮೂವತ್ಮೂರು.

ಕಪ್ ಎನ್.ಆರ್. ಪುರಕ್ಕೆ ಹೋಯಿತು. ರಾಜೇಶ ಅದನ್ನು ಎರಡು ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಂತಾಗ ತಂಡ ಅವನ ಪಕ್ಕದಲ್ಲಿರಲಿಲ್ಲ. ಐವರೂ ಕೊಪ್ಪದ ಬೆಂಚಿನ ಹತ್ತಿರ, ಮೇಡಂ ಸುತ್ತ ಕೆಸರು ಸುರಿಸುತ್ತ ನಿಂತಿದ್ದರು. ಸೋತ ಉದ್ದದವರು ಚೀಲ ಕಟ್ಟುತ್ತಿದ್ದರು, ಸೋಮವಾರದಿಂದ ಅವರಿಗೆ ತುಮಕೂರಿನ ಕಡೆ ಇನ್ನೊಂದು ಕಾಲೇಜು. ಅವರಲ್ಲೊಬ್ಬಳು ಹಿಂದೆ ತಿರುಗಿ ಬಂದಳು.

"ಮೇಡಂ, ನಿಮ್ಮ ಹೆಸರು ಕೇಳೋದೇ ಮರೆತೆ," ಅಂದಳು.

ಮೇಡಂ ಹೇಳಿದರು. ಅವಳ ಹೆಸರನ್ನೂ ಕೇಳಿದರು. ಅರ್ಪಣಾ ಅಂತೆ. ಚೀಟಿಯಲ್ಲಿ ಅದು ಎರಡನೆಯ ಹೆಸರಾಗಿತ್ತು. ಮೂರು ವರ್ಷ ಒಂದೇ ಕಡೆ ಇದ್ದರೆ ನನಗೂ ಆ ಚೆಂಡಿಗೆ ಹಾರಲು ಬರುತ್ತಿತ್ತಾ ಎಂದು ಅವಳು ಕೇಳಿದಳು. ಮೇಡಂ ಅವಳ ಮೊಣಕಾಲು ನೋಡಿ, ಎರಡು ವರ್ಷ ಸಾಕಾಗುತ್ತಿತ್ತು ಎಂದರು. ಅವಳು ಬಾಗಿಲಿಲ್ಲದ ಬಯಲಿನಲ್ಲೂ ತಲೆ ಬಗ್ಗಿಸಿಕೊಂಡು ಬಸ್ಸಿಗೆ ನಡೆದಳು.

ವಾಪಸ್ ಬರುವ ದಾರಿಯಲ್ಲಿ, ಹರಿಹರಪುರ ದಾಟಿದ ಮೇಲೆ, ರಘುಪತಿಯವರು ಮಾತು ತೆಗೆದರು. ಅವರಿಗೆ ಸಿಟ್ಟಿರಲಿಲ್ಲ. ಕೊಡೆ ಬಿಡಿಸಲು ಹೇಳಿದ್ದು ತಾವೇ ಎಂಬುದು ಅವರಿಗೆ ನೆನಪಿತ್ತು. ಅವರ ಚಿಂತೆ ಬೇರೆ. ಮುಂದಿನ ವರ್ಷದ ಪ್ರವೇಶದ ಪುಸ್ತಿಕೆಗೆ ತಂಡದ ಫೋಟೋ ಬೇಕಿತ್ತು, ಆಡುತ್ತಿರುವ ಫೋಟೋ. ಹಳದಿ ಅಂಗಿಯವರೆಲ್ಲ ಹೊರಟುಹೋಗಿದ್ದರು. ಮುಂದಿನ ವರ್ಷ ಮುಯ್ಯಿಗೆ ಯಾರು ಸಿಗುತ್ತಾರೋ ಭಾವನನ್ನು ಈಗಲೇ ಕೇಳಿಡುತ್ತೇನೆ ಎಂದರು.

"ಮುಯ್ಯಿ ಮುಗೀತು ಸರ್," ಎಂದರು ಗೋದಾವರಿ. "ನನ್ನ ಮಕ್ಕಳು ಸೋಮವಾರ ಬರ್ತಾರೆ. ಫೋಟೋ ಅವರದ್ದು ತೆಗೆಸಿ. ಆಡ್ತಿರೋ ಫೋಟೋ ಬೇಕಂದ್ರೆ ಎದುರಿಗೆ ಒಂದು ತಂಡ ಕೊಡಿ."

ಸೋಮವಾರ ಬಂದ ಟಿ.ಸಿ.ಗಳಲ್ಲಿ ಎನ್.ಆರ್. ಪುರದವರು 'ಕಾರಣ'ದ ಮುಂದೆ 'ಮುಯ್ಯಿ ತೀರಿದೆ' ಎಂದು ಬರೆದಿದ್ದರು. ಬುಧವಾರ ನಾಲ್ಕು ಗಂಟೆಗೆ ಗುಡ್ಡದ ಅಂಕಣದಲ್ಲಿ ಐದು ನೀಲಿ ಜೆರ್ಸಿಗಳು ಮೊದಲ ಸಲ ಒಟ್ಟಿಗೆ ಇಳಿದವು, ಜೇಬಿನಲ್ಲಿ ಒಂದೊಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡು. ಎದುರಿಗೆ ಗುಮಾಸ್ತ ಸೋಮನಾಥ್, ಲೈಬ್ರರಿಯ ಸರೋಜ, ಕನ್ನಡದ ಮೇಷ್ಟ್ರು, ಕ್ಯಾಂಟೀನಿನ ಗಣಪಯ್ಯ, ಮತ್ತು ಪ್ಯಾಂಟನ್ನು ಪಾದದಿಂದ ಒಂದು ಗೇಣು ಮಡಿಸಿದ ರಘುಪತಿಯವರು. ಸೀಟಿ ಊದಿದರೆ ಅಡ್ಡಿಯಿಲ್ಲ ಎಂದು ಅವತ್ತು ಸರೋಜ ತಾವಾಗಿಯೇ ಹೇಳಿದರು. ಮೇಡಂ ಸೀಟಿ ಹುಡುಕಿದರು. ಅದು ಎಲ್ಲೋ ಕಳೆದುಹೋಗಿತ್ತು.

ಫೋಟೋ ತೆಗೆದದ್ದು ಮೊದಲ ಎರಡು ನಿಮಿಷದಲ್ಲಿ. ಆದರೆ ಆಟ ನಿಲ್ಲಲಿಲ್ಲ. ಹನ್ನೆರಡು-ಸೊನ್ನೆ ಆದಾಗ ಚೆಂಡು ಮೊದಲ ಸಲ ರಘುಪತಿಯವರ ಕೈಗೆ ಬಂತು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದರು. ಚೆಂಡು ನಾಲ್ಕನೆಯ ಕಡೆಯ ಗೆರೆ ದಾಟಿತು. ಜ್ಯೋತ್ಸ್ನಾ ಹಾರಬಹುದಿತ್ತು. ಹಾರಲಿಲ್ಲ. ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಅದು ಇಳಿದುಹೋಗುವ ಸದ್ದನ್ನು ಎಲ್ಲರೂ ಕೇಳಿಸಿಕೊಂಡರು.

ರಘುಪತಿಯವರು ಗೋದಾವರಿಯವರ ಕಡೆ ನೋಡಿದರು. ಅವರು ಕೊಡೆ ಮಡಿಸಿ ಹಿಡಿದು, ಮೆಟ್ಟಿಲಿನ ಕಡೆ ದಾರಿ ಬಿಟ್ಟು ನಿಂತಿದ್ದರು. ಪ್ರಿನ್ಸಿಪಾಲರು ಪ್ಯಾಂಟನ್ನು ಇನ್ನೊಂದು ಮಡಿಕೆ ಮಡಿಸಿ ಇಳಿಯತೊಡಗಿದರು. ಐದು ಹುಡುಗಿಯರು ಗೆರೆಯ ಮೇಲೆ ಸಾಲಾಗಿ ಕೂತು, ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡರು. ಕೆಳಗೆ ಜಯಪುರದ ಬಸ್ಸು ಹಾರ್ನ್ ಮಾಡಿತು.